ತೋಳ ತಿರುಗಿದ ತಿಂಗಳು

ನನ್ನ ತವರು ಶಿಗ್ಗಾಂವಿ. ಕೊಟ್ಟದ್ದು ಹಿರೇಕೆರೂರ ಕಡೆಗೆ, ಅಬಲೂರಿನಿಂದ ಎರಡು ಹರದಾರಿ ದೂರದ ಒಂದು ಸಣ್ಣ ಹಳ್ಳಿಗೆ. ಇಪ್ಪತ್ಮೂರು ತುಂಬುವಷ್ಟರಲ್ಲಿ ನನಗೆ ಮೂರು ಮಕ್ಕಳು. ಹಿರಿಯವಳಿಗೆ ಆರು ವರ್ಷ, ನಡುವಿನ ಮಗನಿಗೆ ನಾಲ್ಕು, ಕಿರಿಯವನಿಗೆ ಒಂದೂವರೆ. ಯುದ್ಧ ನಡೆದಿದ್ದ ಕಾಲ ಅದು. ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ. ಹೊತ್ತು ಮುಳುಗಿತೆಂದರೆ ಇಡೀ ಊರು ಕಪ್ಪಾಗಿಬಿಡುತ್ತಿತ್ತು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮತ್ತು ಈ ಮೂವರು. ಮುಂದಿನ ಅಂಕಣದಲ್ಲಿ ಎರಡು ಎತ್ತು, ಒಂದು ಆಕಳು. ಹಿತ್ತಲ ಬಾಗಿಲು ತೆರೆದರೆ ಹತ್ತು ಹೆಜ್ಜೆಗೆ ನಮ್ಮದೇ ಹೊಲ. ಆ ವರ್ಷ ಹಿಂಗಾರಿ ಜೋಳ ಆಳೆತ್ತರ ಬೆಳೆದು ಹಿತ್ತಲ ಬೇಲಿಯ ಮೇಲೆ ಬಾಗಿ ನಿಂತಿತ್ತು.

ನಮ್ಮಲ್ಲಿ ಎರಡು ಹೊತ್ತು ಲಿಂಗಪೂಜೆ. ತವರಿನಲ್ಲಿದ್ದಾಗ ನಾನು ಅದನ್ನು ಬಹಳ ಪ್ರೀತಿಯಿಂದ ಮಾಡುತ್ತಿದ್ದೆ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಹೊರಗಿನ ಸದ್ದು ತಾನಾಗಿ ದೂರ ಸರಿಯುತ್ತಿತ್ತು. ಮಕ್ಕಳಾದ ಮೇಲೆ ಆ ಸುಖ ಹೋಯಿತು. ನಾನು ಕೂತ ಕೂಡಲೇ ಕಿರಿಯವ ಬಂದು ವಿಭೂತಿ ಗಟ್ಟಿ ನೆಕ್ಕುವನು. ನಡುವಿನವ ಪತ್ರಿಯನ್ನೆಲ್ಲ ಬಾಚಿಕೊಂಡು ಹೋಗಿ ಆಕಳ ಮುಂದೆ ಹಾಕುವನು. ಅದನ್ನು ನನಗೆ ವರದಿ ಮಾಡಲು ಹಿರಿಯವಳು ಕಿವಿಯ ಹತ್ತಿರವೇ ಬಂದು ಕಿರುಚುವಳು. ಒಂದು ಕೈಯಲ್ಲಿ ಲಿಂಗ ಹಿಡಿದು ಇನ್ನೊಂದು ಕೈಯಿಂದ ಯಾರದೋ ಬೆನ್ನಿಗೆ ಬಾರಿಸುತ್ತಿದ್ದೆ.

"ಮನಸ್ಸು ಒಂದ ಕಡೆ ನಿಲ್ಲಲಿಲ್ಲಂದ್ರ ಅದೆಂಥಾ ಪೂಜಿ ತಂಗಿ?" ಅನ್ನುತ್ತಿದ್ದರು ಅತ್ತೆ. ಚುಚ್ಚಬೇಕೆಂದು ಅಂದ ಮಾತಲ್ಲ. ಅವರಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಅವರಿಗೆ ಉಳಿದದ್ದು ನನ್ನ ಗಂಡ ಒಬ್ಬನೇ, ಅವನೂ ಕೂಸಿದ್ದಾಗಲೇ ಸುಮ್ಮನೆ ಕೂಡುವವನಾಗಿದ್ದನಂತೆ.

ಒಂದು ಮುಂಜಾನೆ ನಡೆದದ್ದನ್ನು ಹೇಳಬೇಕು. ರೊಟ್ಟಿ ಬಡಿಯಲು ಕೂತಿದ್ದೆ. ನಡುವಿನವ ಹಿಟ್ಟಿನ ಬುಟ್ಟಿಗೆ ನೀರು ಸುರಿದ. ಹಿರಿಯವಳು ಅವನನ್ನು ನೂಕಿದಳು. ಅವನು ಕಿರಿಯವನ ಮೇಲೆ ಬಿದ್ದ. ಮೂವರೂ ಒಮ್ಮೆಗೇ ಬಾಯಿ ತೆಗೆದರು. ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆಯೆದ್ದಿತು. ನಾನು ಎದ್ದು ನಿಂತು, ಗಂಟಲು ಹರಿಯುವ ಹಾಗೆ, "ನಿಮ್ಮನ್ನ ತ್ವಾಳಾರ ಒಯ್ಯಬಾರದ!" ಅಂದೆ. ನಮ್ಮ ಕಡೆ ತಾಯಂದಿರು ಸಿಟ್ಟು ಬಂದಾಗ ಇಂಥ ಮಾತು ಅನ್ನುವುದು ಹೊಸದಲ್ಲ. ಅಂದೆ, ಮರೆತೆ, ಸುಟ್ಟ ರೊಟ್ಟಿಯನ್ನು ಆಕಳಿಗೆ ಹಾಕಿದೆ.

ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ, ಊರ ಹೊರಗಿನ ಬೀಳಿನಲ್ಲಿ ಬಿಡಾರ ಬಿಟ್ಟಿದ್ದ ಕುರುಬರ ಎರಡು ವರ್ಷದ ಹೆಣ್ಣು ಕೂಸನ್ನು ತೋಳ ಎತ್ತಿಕೊಂಡು ಹೋಯಿತು.

ಗಂಡಸರು ಬಡಿಗೆ ಹಿಡಿದು, ಗಂಗಾಳ ಬಾರಿಸುತ್ತ ಜೋಳದಲ್ಲಿ ನುಗ್ಗಿದರು. ನನ್ನ ಗಂಡನೂ ಹೋಗಿದ್ದ. ಮರುದಿನ ಮಧ್ಯಾಹ್ನ ಮನೆಗೆ ಬಂದು ನೀರು ಕೇಳಿದ. ಚೊಂಬು ಕೊಟ್ಟರೆ ಕುಡಿಯಲಿಲ್ಲ, ಹಿಡಿದುಕೊಂಡೇ ಕೂತ.

"ಸಿಕ್ಕಿತೇನ್ರಿ?" ಅಂದೆ.

"ಉಡದಾರ ಸಿಕ್ಕೇತಿ," ಅಂದ. "ಮಕ್ಕಳನ್ನ ಹೊರಗ ಬಿಡಬ್ಯಾಡ."

ನಾನು ಮೂಲೆಗೆ ಹೋಗಿ ಗೋಡೆಗೆ ಒರಗಿ ನಿಂತೆ. ನನ್ನ ಮಾತು ಹೊರಗೆ ಹೋಗಿ ನನ್ನ ಮನೆ ಸಿಗದೆ ಇನ್ನೊಬ್ಬಳ ಬಿಡಾರ ಹೊಕ್ಕಿತು ಅನಿಸಿತು. ಯಾರಿಗೂ ಹೇಳಲಿಲ್ಲ. ಅತ್ತೆ ಆ ಮುಂಜಾನೆ ಪಡಸಾಲೆಯಲ್ಲೇ ಇದ್ದರು, ಕೇಳಿಸಿಕೊಂಡಿದ್ದರೋ ಇಲ್ಲವೋ. ಅವರ ಮುಖ ನೋಡುವುದಕ್ಕೆ ನನಗೆ ಧೈರ್ಯವಿರಲಿಲ್ಲ.

ಅಂದಿನಿಂದ ಬಾಗಿಲು ಮುಚ್ಚಿದವು. ಊರಿನಲ್ಲಿ ಯಾರೂ ಅದರ ಹೆಸರು ಹೇಳುತ್ತಿರಲಿಲ್ಲ, 'ಅದು' ಅನ್ನುತ್ತಿದ್ದರು. ಅದು ಕೆರೆ ಏರಿಯ ಮೇಲೆ ನಿಂತಿತ್ತಂತೆ. ಅದು ಬಣವೆಯ ಹಿಂದೆ ಕಂಡಿತಂತೆ. ಸವಣೂರ ಕಡೆಯಿಂದ ಬಂದೂಕಿನವನೊಬ್ಬ ಬಂದು ಎರಡು ದಿನ ಜೋಳದಲ್ಲಿ ಕೂತು, ಏನೂ ಕಾಣದೆ ಹೋದ. ಗಾಳಿ ಬೀಸಿದರೆ ಜೋಳದ ಎಲೆಗಳು ಒಂದಕ್ಕೊಂದು ಉಜ್ಜಿ ಯಾರೋ ನಡೆದು ಬಂದಂತೆ ಸದ್ದಾಗುತ್ತಿತ್ತು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಆಮೇಲೆ ಮಕ್ಕಳನ್ನು ಎಣಿಸುತ್ತಿದ್ದೆ. ಒಂದು, ಎರಡು, ಮೂರು. ದಿನಕ್ಕೆ ನೂರು ಸಲ ಎಣಿಸಿದ್ದೇನೆ.

ಒಳಗೆ ಕೂಡಿಹಾಕಿದ ಮಕ್ಕಳೆಂದರೆ ಏನೆಂದು ಕೂಡಿಹಾಕಿದವರಿಗೇ ಗೊತ್ತು. ಎರಡನೆಯ ವಾರಕ್ಕೆ ಗೋಡೆಯ ಸುಣ್ಣ ಕೈಯೆತ್ತರದವರೆಗೆ ಕಿತ್ತುಬಂದಿತ್ತು. ಬೀಸುವ ಕಲ್ಲಿನ ಗೂಟ ಕಾಣೆಯಾಯಿತು. ಅತ್ತೆಯ ಎಲೆ ಅಡಿಕೆಯ ಚೀಲ ನೀರಿನ ಹಂಡೆಯಲ್ಲಿ ಸಿಕ್ಕಿತು. ಹೆಸರು ಹೇಳಬಾರದು ಅಂದದ್ದೇ ತಡ, ಮಕ್ಕಳಿಗೆ ಅದೊಂದೇ ಆಟವಾಯಿತು. ನಡುವಿನವ ಕಂಬಳಿ ಹೊದ್ದು ನಾಲ್ಕು ಕಾಲ ಮೇಲೆ ಬರುವನು, ಹಿರಿಯವಳು ಕಿರಿಯವನನ್ನು ಎತ್ತಿಕೊಂಡು ಓಡುವಳು. "ಆ ಆಟ ಬ್ಯಾಡ" ಎಂದು ನಾನು ಬಡಿದೆ, ಬೇಡಿಕೊಂಡೆ. ಬೆನ್ನು ತಿರುಗಿಸಿದರೆ ಮತ್ತೆ ಅದೇ.

ಒಂದು ಸಂಜೆ ಹೊರಗೆ ನಾಯಿಗಳೆಲ್ಲ ಒಮ್ಮೆಗೇ ಬೊಗಳಿ ಒಮ್ಮೆಗೇ ಸುಮ್ಮನಾದವು. ಎತ್ತುಗಳು ಎದ್ದು ನಿಂತವು. ಗಂಡ ಬಡಿಗೆ ಹಿಡಿದು ಬಾಗಿಲ ಹತ್ತಿರ ಹೋದ. ನಾವೆಲ್ಲ ಉಸಿರು ಹಿಡಿದು ಕೂತೆವು. ಆಗ, ಇನ್ನೂ 'ಅವ್ವ' ಅಂತಲೂ ಅನ್ನದಿದ್ದ ಕಿರಿಯವ, ಮೋರೆ ಮೇಲೆತ್ತಿ, ತುಟಿ ಸಣ್ಣಗೆ ಮಾಡಿ, ತೋಳದ ಹಾಗೆ "ಊ..." ಎಂದು ಕೂಗಿದ. ಕೂಗಿ, ಎಲ್ಲರ ಮುಖ ನೋಡಿ, ಎರಡೂ ಕೈ ತಟ್ಟಿಕೊಂಡ.

ಮೊದಲು ನಕ್ಕವರು ಅತ್ತೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಗಂಡ, ಬಡಿಗೆ ಊರಿಕೊಂಡೇ. ನನಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಹೊರಗೆ ಮಾತ್ರ ನಾಯಿಗಳು ಮತ್ತೆ ಬೊಗಳಲೇ ಇಲ್ಲ.

ನನ್ನ ಪಾಪ ತೊಳೆಯಬೇಕು ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಒಂದು ಪೂಜೆಯಾದರೂ ನೆಟ್ಟಗೆ ಆದರೆ ಈ ಮನೆ ಉಳಿಯುತ್ತದೆ ಅಂದುಕೊಂಡೆ. ಒಂದು ದಿನ ಹೊತ್ತು ಇಳಿಯುವ ಮೊದಲೇ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, "ಸ್ವಲ್ಪ ನೋಡಕೋರಿ ಅತ್ತಿ," ಎಂದು ಹೇಳಿ, ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂದು ಎಷ್ಟೋ ವರ್ಷಗಳ ಮೇಲೆ ನನ್ನ ಮನಸ್ಸು ನಿಂತಿತು. ಒಂದು ಸದ್ದೂ ಇರಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ. ಕಣ್ಣು ತೆರೆದಾಗ ಆ ನಿಶ್ಶಬ್ದವೇ ನನಗೆ ಹೆದರಿಕೆ ಹುಟ್ಟಿಸಿತು. ಮೂರು ಮಕ್ಕಳಿರುವ ಮನೆ ಹಾಗೆ ಸುಮ್ಮನಿರುವುದಿಲ್ಲ.

ಲಿಂಗ ಕೈಯಲ್ಲೇ ಇತ್ತು. ಬಾಗಿಲು ತೆರೆದೆ. ಅತ್ತೆ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು. ಹಿರಿಯವಳೂ ನಡುವಿನವನೂ ಕಂಬಳಿಯ ಕೆಳಗೆ ಅಡಗಿಕೊಂಡಿದ್ದರು. ಒಂದು, ಎರಡು. ಹಿತ್ತಲ ಬಾಗಿಲ ಅಗಳಿ ಕೆಳಗೆ ಬಿದ್ದಿತ್ತು.

"ತಮ್ಮ ಎಲ್ಲಿ?"

"ನಾವು ಅಡಗಿಕೊಂಡೇವಿ ಯವ್ವಾ. ಅಂವ ಹುಡುಕಾಕತ್ತಾನ," ಅಂದಳು ಮಗಳು ಕಂಬಳಿಯೊಳಗಿಂದ.

ನಾನು ಓಡಿದೆ. ಅವನು ಬೇಲಿಯ ಹತ್ತಿರ ಮಣ್ಣಲ್ಲಿ ಕೂತಿದ್ದ, ಬೆನ್ನು ನನ್ನ ಕಡೆಗೆ. ಅವನ ಮುಂದೆ, ಜೋಳದ ಅಂಚಿನಲ್ಲಿ, ಅದು ನಿಂತಿತ್ತು. ನಾನು ಅಂದುಕೊಂಡಷ್ಟು ದೊಡ್ಡದಲ್ಲ. ಬಡಕಲು, ಮಣ್ಣಿನ ಬಣ್ಣದ್ದು, ಒಂದು ಕಿವಿ ಹರಿದಿತ್ತು. ಸುಮ್ಮನೆ ನೋಡುತ್ತಿತ್ತು. ಅವನೂ ನೋಡುತ್ತಿದ್ದ.

ದೇವರ ಹೆಸರು ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ದಿನಾ ಬರುವ ಮಾತೇ. "ಏ! ನಡಿ ಆ ಕಡೆ! ಎಷ್ಟ ಸರತಿ ಹೇಳಬೇಕ ನಿನಗ!" ಎಂದು, ಮಕ್ಕಳಿಗೆ ಒದರುವ ಅದೇ ಧ್ವನಿಯಲ್ಲಿ ಒದರುತ್ತ ಅದರ ಮೇಲೆಯೇ ಹೋದೆ. ಅದು ನನ್ನ ಮುಖ ನೋಡಿತು. ಹೆದರಿದ ಹಾಗೆ ಕಾಣಲಿಲ್ಲ. ತಿರುಗಿ, ಅವಸರವಿಲ್ಲದೆ, ಜೋಳದೊಳಗೆ ಹೋಯಿತು. ಒಂದೆರಡು ದಂಟು ಅಲುಗಿದವು, ಅಷ್ಟೇ.

ಕೂಸನ್ನು ಎತ್ತಿಕೊಂಡು ಒಳಗೆ ಬಂದು ಅಗಳಿ ಹಾಕಿ ನೆಲಕ್ಕೆ ಕುಸಿದೆ. ಅವನ ಬಾಯಿ ತುಂಬ ಮಣ್ಣು. ಕಂಬಳಿಯೊಳಗಿನ ಇಬ್ಬರೂ ನನ್ನ ಮೈಮೇಲೆ ಬಿದ್ದರು. ಅತ್ತೆ ಎಚ್ಚೆತ್ತು, ವಿಷಯ ತಿಳಿದು, ತಲೆ ತಲೆ ಬಡಿದುಕೊಂಡು ಅತ್ತರು. ಎಲ್ಲರೂ ಒಟ್ಟಿಗೆ ಗದ್ದಲ ಮಾಡುತ್ತಿದ್ದಾಗ ನನ್ನ ಎಡಗೈ ನೋಡಿಕೊಂಡೆ. ಲಿಂಗವನ್ನೂ ಕೂಸಿನ ತೋಳನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದಿದ್ದೆ. ಅವನ ತೋಳಿನ ಮೇಲೆ ಅದರ ಗುಂಡು ಗುರುತು ಕೆಂಪಾಗಿ ಮೂಡಿತ್ತು. ಆ ಗದ್ದಲದ ನಡುವೆ, ಬೆವರು ನಾತ ಸಿಂಬಳಗಳ ನಡುವೆ, ತವರಿನಲ್ಲಿ ಪೂಜೆಗೆ ಕೂತಾಗ ಆಗುತ್ತಿದ್ದುದು ನನಗೆ ಆಯಿತು. ಅದಕ್ಕಿಂತ ಹೆಚ್ಚಿಗೆ ಆಯಿತು. ಅಂದಿನಿಂದ ನಾನು ಬಾಗಿಲು ಹಾಕಿಕೊಂಡು ಪೂಜೆಗೆ ಕೂತಿಲ್ಲ. ವಿಭೂತಿ ನೆಕ್ಕುವವನು ತೊಡೆಯ ಮೇಲೆ, ಪತ್ರಿ ಕದಿಯುವವನು ಪಕ್ಕದಲ್ಲಿ. ಅತ್ತೆ ಪತ್ರಿಯನ್ನು ಒಂದು ಹಿಡಿ ಹೆಚ್ಚಿಗೆ ತಂದಿಡತೊಡಗಿದರು.

ಆದರೆ ಅಂದು ಅಂದ ಮಾತು ನನ್ನನ್ನು ಬಿಟ್ಟಿರಲಿಲ್ಲ. ನಾಲ್ಕು ದಿನದ ಮೇಲೆ ಗಂಡನನ್ನು ಕರೆದುಕೊಂಡು, ಕಿರಿಯವನನ್ನು ಕಂಕುಳಲ್ಲಿ ಎತ್ತಿಕೊಂಡು ಕುರುಬರ ಬಿಡಾರಕ್ಕೆ ಹೋದೆ. ಅವರು ಮುಂದಿನ ಊರಿಗೆ ಹೋಗಬೇಕಾದವರು, ಆ ತಾಯಿ ಏಳಲೊಲ್ಲೆ ಅಂದದ್ದಕ್ಕೆ ಉಳಿದಿದ್ದರು. ಅವಳು ಕುರಿಮರಿಯೊಂದಕ್ಕೆ ಹಾಲು ಕುಡಿಸುತ್ತ ಕೂತಿದ್ದಳು. ನನ್ನಷ್ಟೇ ವಯಸ್ಸು. ಎದುರಿಗೆ ಕೂತು ಹೇಳಿಬಿಟ್ಟೆ.

"ಅವತ್ತ ಮುಂಜಾನೆ ನಾ ನನ್ನ ಮಕ್ಕಳಿಗೆ ತ್ವಾಳ ಒಯ್ಯಲಿ ಅಂದಿದ್ದೆ. ಅದು ನಿನ್ನ ಕೂಸಿಗೆ ಹತ್ತೇತಿ ಅನಸಾಕತ್ತೇತಿ ನನಗ."

ಮರಿ ಕುಡಿದು ಮುಗಿಸುವವರೆಗೆ ಅವಳು ಅದರ ಕತ್ತು ಹಿಡಿದಿದ್ದಳು.

"ನಾನೂ ಅಂದಿದ್ದೆರಿ ಅವ್ವಾರ," ಅಂದಳು ಕೊನೆಗೆ. "ಅವತ್ತ ಹಾಲಿನ ಗಡಿಗಿ ಉಳ್ಳಿಸಿ ಚೆಲ್ಲಿದ್ಲು. ಅದ ಮಾತ ಅಂದಿದ್ದೆ. ದಿನಾ ಅಂತಿದ್ದೆ."

ಇಬ್ಬರೂ ಅಳಲಿಲ್ಲ. ಕಿರಿಯವ ನನ್ನ ಕಂಕುಳಿಂದ ಜಾರಿ ಹೋಗಿ ಆ ಮರಿಯ ಬಾಲ ಹಿಡಿದ. ಅವಳು ಅವನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನಿಂದ ಅವನ ಮೂಗು ಒರೆಸಿದಳು. ಚೆನ್ನಾಗಿ, ಗಟ್ಟಿಯಾಗಿ ಒರೆಸಿದಳು, ತನ್ನದೇ ಕೂಸಿಗೆ ಒರೆಸಿದಂತೆ. ಅವನು ಚೀರಿದ. "ಚೀರ್ಲಿ ಬಿಡ್ರಿ. ಚೀರೋದು ಕೇಳಿ ಭಾಳ ದಿನಾತು," ಅಂದಳು. ಎರಡು ದಿನಕ್ಕೆ ಬಿಡಾರ ಎದ್ದಿತು. ಆಮೇಲೆ ಅವಳನ್ನು ನಾನು ನೋಡಲಿಲ್ಲ.

ಸಂಕ್ರಾಂತಿ ಸುಮಾರಿಗೆ ಹಾನಗಲ್ಲ ಕಡೆಯ ಒಂದು ಹಳ್ಳಿಯಲ್ಲಿ ಇನ್ನೊಂದು ಕೂಸು ಹೋಯಿತು. ತಿಳವಳ್ಳಿಯ ಹತ್ತಿರ ಒಂದು ತೋಳವನ್ನು ಹೊಡೆದು ಬೇವಿನ ಮರಕ್ಕೆ ಕಟ್ಟಿದ್ದಾರೆ ಎಂದು ಸುದ್ದಿ ಬಂತು. ನನ್ನ ಗಂಡ ಅದನ್ನು ನೋಡಲೆಂದೇ ನಡೆದು ಹೋಗಿ ಬಂದ.

"ಕಿವಿ ಹರದಿತ್ತೇನ್ರಿ?" ಅಂದೆ.

"ಎರಡೂ ಕಿವಿ ಸುದ್ದ ಇದ್ದವು," ಅಂದು ಕಾಲು ತೊಳೆಯಲು ಹೋದ.

ಜೋಳ ಕೊಯ್ದ ದಿನ ಹೊಲ ಬಯಲಾಯಿತು. ಇಷ್ಟು ದಿನ ಒಳಗಿದ್ದ ಮಕ್ಕಳು ಕೂಳೆಯಲ್ಲಿ ಕಾಲು ಚುಚ್ಚಿಸಿಕೊಂಡು, ಬೀಳುತ್ತ ಏಳುತ್ತ ಹೊಲದ ಆ ತುದಿಗೆ ಓಡಿದರು. ಬೇಡ ಅನ್ನಲು ಬಾಯಿ ತೆರೆದವಳು ಸುಮ್ಮನಾದೆ. ಕುಡುಗೋಲು ಕೆಳಗಿಡದೆ ಅವರ ಹಿಂದೆಯೇ ಹೋದೆ. ನಾನು ಬರುವುದನ್ನು ನೋಡಿ ಮೂವರೂ ಕೇಕೆ ಹಾಕಿ ಇನ್ನಷ್ಟು ಜೋರಾಗಿ ಓಡಿದರು. ನಾನೂ ಓಡಿದೆ.