ಹೊಟ್ಟೆ ತುಂಬದ ಕೌದಿ

ನಮ್ಮ ಊರಿಗೆ ಪ್ರಳಯದ ಸುದ್ದಿ ತಂದವರು ಯಾರು ಎಂಬುದು ನನಗೀಗ ಖಾತ್ರಿಯಿಲ್ಲ. ಎಂಬತ್ತರ ದಶಕದ ಮಾತು. ಕಟ್ಟೆಯ ಮೇಲೆ ಕಾಲಜ್ಞಾನ ಓದಿದ ಸಾಧುವೊಬ್ಬ, ಬರುವ ಎಳ್ಳಮಾಸಿಗೆ ಜಗತ್ತು ಬೆಂಕಿಯಲ್ಲಿ ಮುಗಿಯುತ್ತದೆ ಎಂದ, ಹಾಗೆಂದು ನೆನಪು. ಅದೇ ವಾರ ಕುಂದಗೋಳದ ಟೆಂಟಿನಲ್ಲಿ ಜಗತ್ತೆಲ್ಲ ನೀರಲ್ಲಿ ಮುಳುಗುವ ಸಿನೆಮಾ ಬಂದಿತ್ತು. ಅಥವಾ ಅದು ಮರುವರ್ಷವೋ ಏನೋ. ಬಾಜೂ ಮನೆಯ ಕಾಕು ಅಂಗಳದ ಬೆರಣಿ ರಾಶಿ ತೋರಿಸಿ ಕೇಳಿದ್ದು ಮಾತ್ರ ಕಿವಿಯಲ್ಲಿದೆ.

"ಬೆಂಕಿನೋ ನೀರೋ, ಒಂದ ಮಾತ ಹೇಳ್ರಿ. ಕುಳ್ಳು ಒಳಗ ಒಟ್ಟೂದೋ, ಹೊರಗ ಬಿಡೂದೋ?"

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದೆ. ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅಪ್ಪನ ತಾಯಿ, ನಮ್ಮೆಲ್ಲರ ಆಯಿ, ಬರುವ ಕೂಸಿಗಾಗಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಚೂರು ಹೋಳಿಗೆ ಇಡುತ್ತಾರೆ. ಅದು ಕೌದಿಯ ಹೊಟ್ಟೆ ತುಂಬಿಸುವುದು. ಅಲ್ಲಿಯವರೆಗೆ ಅದನ್ನು ಯಾರೂ ಹೊದೆಯುವಂತಿಲ್ಲ.

"ಅಮಾಸಿಗೆ ಎಲ್ಲಾ ಮುಗೀತದಂತಲ್ರಿ ಅವ್ವಾರ," ಎಂದು ಕಾಕು ಕಣ್ಣೊರೆಸಿಕೊಂಡಾಗ ಆಯಿ ಸೂಜಿಯಿಂದ ತಲೆ ಎತ್ತಲಿಲ್ಲ.

"ಇದರ ಹೊಟ್ಟಿ ತುಂಬೂತನಕ ನಾ ಏಳಂಗಿಲ್ಲ. ಯಾರ ಬಂದ್ರೂ ಕಟ್ಟಿ ಮ್ಯಾಲೆ ಕುಂದರ್ಲಿ."

ಅವಳು ಚೇಷ್ಟೆಗೆ ಅಂದದ್ದು. ಓಣಿ ಗಟ್ಟಿಯಾಗಿ ಹಿಡಿದುಕೊಂಡಿತು. ಕೌದಿ ಮುಗಿಯದಿದ್ದರೆ ಜಗತ್ತೂ ಮುಗಿಯುವುದಿಲ್ಲ! ಮರುದಿನದಿಂದ ಹೆಂಗಸರು ಬಟ್ಟೆ ತರತೊಡಗಿದರು. ಹರಿದ ಇಳಕಲ್ ಸೀರೆ, ಧೋತರ, ಯಾರದೋ ನೀಲಿ ಗೆರೆಯ ಅಂಗಿ. ಕೂಸಿನ ಕೌದಿ ತೊಟ್ಟಿಲು ದಾಟಿ, ಮಂಚ ದಾಟಿ, ಪಡಸಾಲೆಯ ಅರ್ಧ ನುಂಗಿತು.

"ಆಯಿ, ಇದು ಕೂಸಿಗೋ ಎತ್ತಿಗೋ?" ಎಂದು ಅಕ್ಕ ರೇಗಿದಳು. "ಕೂಸು ಬರೂದ್ರೊಳಗ ಮುಗಸ್ತೀಯೋ ಇಲ್ಲೋ?"

ನಾನು ಇದ್ದಿಲಿನಿಂದ ನೆಲದ ಮೇಲೆ ಗ್ರಹಗಳ ದಾರಿ ಬರೆದು, ಯಾವುದೂ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲವೆಂದು ತೋರಿಸಿದೆ. ಕಾಕು ಪೂರ್ತಿ ಕೇಳಿದಳು. "ಅಗದಿ ಛಲೋ ಹೇಳಿದಿ ತಮ್ಮಾ," ಎಂದು ಆಯಿಯ ಕೈಗೆ ಇನ್ನೊಂದು ಕುಪ್ಪಸ ಕೊಟ್ಟಳು.

ಎಳ್ಳಮಾಸಿ ಬಂತು. ಮುಗಿಯಲಿರುವ ಜಗತ್ತಿಗೂ ಹೋಳಿಗೆ ತಪ್ಪಿಸುವ ಊರು ನಮ್ಮದಲ್ಲ. ಎಲ್ಲರೂ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಉಂಡು, ಆಕಾಶ ನೋಡುತ್ತ ಬಂದರು. ಮಧ್ಯಾಹ್ನ ಅಕ್ಕನಿಗೆ ಬೇನೆ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಹೊರಗೆ ಚಳಿಗಾಳಿ. ಆಯಿ ಸೂಜಿ ಕೈಗೆತ್ತಿಕೊಂಡಳು.

"ಅವ್ವಾರ, ಇವತ್ತೊಂದ ದಿನ ತಡೀರಿ," ಎಂದಳು ಕಾಕು. "ನಾಳೆ ಮುಂಜಾನೆ ಹೊಲದ್ರಾತು."

ಒಳಗಿನಿಂದ ಅಕ್ಕ ಕೂಗಿದಳು: "ಸುಟ್ರ ಸುಡ್ಲಿ, ಮುಳುಗಿದ್ರ ಮುಳುಗ್ಲಿ! ನನ್ನ ಕೂಸು ನಡಗಾಕತ್ತೈತಿ, ಕೌದಿ ಕೊಡ್ರಿ!"

ಆಯಿ ಹೋಳಿಗೆಯ ಚೂರು ಒಳಗಿಟ್ಟು, ಕೊನೆಯ ಹೊಲಿಗೆ ಹಾಕಿ, ದಾರ ಕಡಿದಳು. ಪಡಸಾಲೆಯವರೆಲ್ಲ ಬಾಗಿಲಾಚೆಯ ಆಕಾಶ ನೋಡಿದರು. ಕೊಟ್ಟಿಗೆಯಲ್ಲಿ ಎತ್ತು ಕೊರಳು ಅಲ್ಲಾಡಿಸಿತು. ಗಂಟೆಯ ಸದ್ದಿಗೆ ಕಾಕು ಚಿಟ್ಟನೆ ಚೀರಿದಳು.

"ಮುಗೀತೇನ್ರಿ?"

"ಮುಗೀತು. ಆ ತುದಿ ಹಿಡಿ, ಮಡಚೂಣು."

ಮಡಚಿ ಮಡಚಿ ಹೊದಿಸಿದ ಮೇಲೆ ಕೂಸಿನ ಮೂಗಷ್ಟೇ ಕಾಣುತ್ತಿತ್ತು.

ಹೋದ ವರ್ಷ ಇದನ್ನೆಲ್ಲ ಹೇಳುತ್ತಿದ್ದಾಗ ಅಕ್ಕ ಬಿದ್ದು ಬಿದ್ದು ನಕ್ಕಳು. "ತಡೀರಿ ಅಂದಾಕಿ ಕಾಕು ಅಲ್ಲಲೇ, ನೀನ! ಬಾಗಲದಾಗ ನಿಂತು, 'ಆಯಿ, ಎದಕ್ಕೂ ನಾಳೆ ಹೊಲಿ' ಅಂದಿ."

ನಾನು ಒಪ್ಪಲಿಲ್ಲ. ಗ್ರಹಗಳ ದಾರಿ ಬರೆದು ತೋರಿಸಿದವನು ಹಾಗೆ ಅನ್ನುತ್ತಾನೆಯೇ? ಅಕ್ಕ ಕೌದಿ ತರಿಸಿ ಹಾಸಿ, "ಹಂಗಾರ ಇದನ್ನ ತಂದ ಕೊಟ್ಟಾಂವ ಯಾರು?" ಎಂದು ಕೊನೆಗೆ ಹೊಲಿದ ಮೂಲೆಯ ಮೇಲೆ ಬೆರಳಿಟ್ಟಳು. ಅಲ್ಲಿ ನೀಲಿ ಗೆರೆಯ ತುಂಡೊಂದಿತ್ತು, ಗುಂಡಿಯ ಕಾಜ ಸಮೇತ. ಹಾಸ್ಟೆಲಿನಲ್ಲಿ ಕಳವಾಯಿತೆಂದು ಇಷ್ಟು ವರ್ಷ ನಾನು ನಂಬಿದ್ದ ನನ್ನದೇ ಅಂಗಿ.