ಎಸ್ತೇರಬಾಯಿ ಬೈದವರು

ಎಸ್ತೇರಬಾಯಿ ಬೈದರೆ ಜನ ನಗುತ್ತಿದ್ದರು. ನಾನು "ದಯವಿಟ್ಟು ಕೂಡ್ರಿ" ಎಂದರೂ ಮುಖ ಗಂಟಿಕ್ಕುತ್ತಿದ್ದರು. ಇದು ಹೇಗೆ ಸಾಧ್ಯ ಎಂದು ಹದಿನೆಂಟು ವರ್ಷ ಪಕ್ಕದಲ್ಲೇ ಕೂತು ನೋಡಿದೆ, ತಿಳಿಯಲಿಲ್ಲ. ಒಂದೇ ಕೋಣೆ, ಎರಡು ಟೇಬಲ್ಲು, ಮೇಲೆ ಒಂದೇ ಫ್ಯಾನು. ಅವರ ಟೇಬಲ್ಲಿನ ಮುಂದೆ ನಿಂತವರ ಪಾಳಿ ಬಾಗಿಲು ದಾಟಿ ಮೆಟ್ಟಿಲ ತನಕ ಹೋಗಿರುತ್ತಿತ್ತು. ನನ್ನ ಟೇಬಲ್ಲಿನ ಮುಂದಿನ ಕುರ್ಚಿಯ ಮೇಲೆ ಆ ಪಾಳಿಯವರ ಚೀಲಗಳು ಕೂತಿರುತ್ತಿದ್ದವು.

ಧಾರವಾಡದಲ್ಲಿ ಪಾಲಿಕೆಯ ಒಂದು ಸಣ್ಣ ವಲಯ ಕಚೇರಿ ನಮ್ಮದು. ಯಾವ ಮನೆ ಯಾರ ಹೆಸರಿನಲ್ಲಿದೆ ಎಂದು ಹೇಳುವ ಖಾತೆ ಪುಸ್ತಕಗಳು ನಮ್ಮಿಬ್ಬರ ಸುಪರ್ದಿಯಲ್ಲಿದ್ದವು. ಎಸ್ತೇರಬಾಯಿ ಎತ್ತರದ, ಒಣಕಲು ಮೈಯ ಹೆಂಗಸು. ಗರಗದ ಖಾದಿ ಸೀರೆ ಬಿಟ್ಟು ಬೇರೆ ಉಟ್ಟದ್ದನ್ನು ನಾನು ಕಂಡಿಲ್ಲ. ಅವರ ತಂದೆ ಮಿಶನ್ ಶಾಲೆಯಲ್ಲಿ ಮಾಸ್ತರರಾಗಿದ್ದರಂತೆ. ಮೂರು ಕೋಣೆ ಆಚೆಗೂ ಕೇಳಿಸುವ ಆ ಧ್ವನಿ ಅವರಿಂದಲೇ ಬಂದಿರಬೇಕು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಆ ಲವಂಗ ಎಡದವಡೆಯಿಂದ ಬಲದವಡೆಗೆ ಹೊರಳಿತೆಂದರೆ ಎದುರಿಗಿದ್ದವನಿಗೆ ಪೂಜೆ ಶುರು ಎಂದು ಅರ್ಥ.

"ಏ ಹುಚ್ಚಪ್ಯಾಲಿ, ನಿಮ್ಮಪ್ಪ ಸತ್ತು ಆರು ವರ್ಷ ಆತು. ಇನ್ನೂ ಮನಿ ಅವನ ಹೆಸರಿಗೇ ಇಟ್ಟೀಯಲ್ಲಾ, ಅಂವೇನ್ ಎದ್ದು ಬಂದು ಸಹಿ ಮಾಡ್ತಾನೇನು?"

"ತಪ್ಪಾತ್ರಿ ಅಕ್ಕಾರ."

"ತಪ್ಪಾತಂತ! ತಗೋ ಆ ಬಿಳೇ ಹಾಳಿ. ನಾ ಹೇಳಿದಂಗ ಬರಿ. ನಿಮ್ಮವ್ವ ಆರಾಮದಾಳಿಲ್ಲೋ? ಆಕಿ ಮಣಕಾಲು ಹೆಂಗದಾವು?"

ಹೀಗೆ ಬೈಸಿಕೊಂಡವನು ಹಲ್ಲು ಕಿರಿಯುತ್ತ ಹೋಗುತ್ತಿದ್ದ. ಮುಂದಿನ ಸಲ ತಮ್ಮನನ್ನೂ ಕರೆದುಕೊಂಡು ಬಂದು ಬೈಸಿಕೊಳ್ಳುತ್ತಿದ್ದ.

ಅವರು ಯಾರನ್ನೂ ಮನೆಯ ನಂಬರು ಕೇಳುತ್ತಿರಲಿಲ್ಲ. "ಬಾಗಲಾ ಯಾವ ದಿಕ್ಕಿಗೈತಿ? ಬಾಜೂಕ ಯಾರದಾರ?" ಇಷ್ಟೇ. ಆಮೇಲೆ ಎದ್ದು ಕಪಾಟಿನ ಕಡೆ ನಡೆದರೆ ಕೈ ನೇರವಾಗಿ ಆ ಪುಸ್ತಕದ ಮೇಲೇ ಬೀಳುತ್ತಿತ್ತು. ನಾನು ನಂಬರು ಕೇಳಿ, ವಾರ್ಡು ಕೇಳಿ, ಸೂಚಿ ತೆರೆದು ಬೆರಳು ಓಡಿಸುವಷ್ಟರಲ್ಲಿ ಅವರು ಮೂವರನ್ನು ಬೈದು ಕಳಿಸಿರುತ್ತಿದ್ದರು.

ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ನಮ್ಮ ಮನೆತನದಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕೂತ ಮೊದಲಿಗ ನಾನು. ನಮ್ಮಪ್ಪ ಒಂದು ಸಹಿಗಾಗಿ ಇಂಥ ಕಚೇರಿಗಳ ಮೆಟ್ಟಿಲ ಮೇಲೆ ಎಷ್ಟೋ ದಿನ ಕಾದವರು. ಒಳಗೆ ಕೂತವರು ಅವರನ್ನು "ಲೇ" ಎಂದೇ ಕರೆಯುತ್ತಿದ್ದರು. ಅಪ್ಪ ಅದನ್ನು ಮನೆಗೆ ಬಂದು ಹೇಳುತ್ತಿರಲಿಲ್ಲ, ಆದರೆ ನಾನು ಒಂದೆರಡು ಸಲ ಜೊತೆಗಿದ್ದೆ. ನೌಕರಿ ಸೇರಿದ ದಿನವೇ ಟೇಬಲ್ಲಿನ ಮೇಲೊಂದು ಸಣ್ಣ ಬುದ್ಧನ ಮೂರ್ತಿ ಇಟ್ಟು, ಯಾರನ್ನೂ ಏಕವಚನದಲ್ಲಿ ಕರೆಯುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೆ. ಇವತ್ತಿನವರೆಗೂ ಕರೆದಿಲ್ಲ. ಅಂಥ ನನ್ನನ್ನು ಬಿಟ್ಟು ಜನ "ಹುಚ್ಚಪ್ಯಾಲಿ" ಅನ್ನಿಸಿಕೊಳ್ಳಲು ಪಾಳಿ ಹಚ್ಚುತ್ತಿದ್ದರು. ಇದಕ್ಕೆ ಉರಿಯದೆ ಇರಲು ನಾನು ಟೇಬಲ್ಲಿನ ಮೇಲಿದ್ದ ಮೂರ್ತಿಯಲ್ಲ.

ಉಪ್ಪಿನಬೆಟಗೇರಿಯ ಒಬ್ಬ ರೈತ ಇಲ್ಲೊಂದು ಸಣ್ಣ ಮನೆ ಕೊಂಡಿದ್ದ. ಅವನ ಅರ್ಜಿಯನ್ನು ತಯಾರು ಮಾಡಿದವನು ನಾನು. ಮೂರು ಸಲ ತಿದ್ದಿ ಚೊಕ್ಕ ಮಾಡಿದ್ದೆ. ಕೆಲಸವಾದ ಮೇಲೆ ಅವನು ಹಸಿ ಕಡಲೆ ಗಿಡದ ದೊಡ್ಡ ಸಿವುಡು ಹೊತ್ತು ತಂದ. ತಂದು ಇಟ್ಟದ್ದು ಎಸ್ತೇರಬಾಯಿಯ ಟೇಬಲ್ಲಿನ ಮೇಲೆ. "ಕೆಲಸ ಮಾಡಿದವ್ರು ಅಲ್ಲಿ ಕುಂತಾರ ನೋಡೋ ಮಂಗ್ಯಾ" ಎಂದು ಬಾಯಿ ಅವನನ್ನು ಬೈದರು. ಆತ ನನಗೊಂದು ನಮಸ್ಕಾರ ಮಾಡಿ ಮತ್ತೆ ಅವರ ಕಡೆಗೇ ತಿರುಗಿ ನಕ್ಕ. ಇಡೀ ಕಚೇರಿ ಕಡಲೆ ಸುಲಿದು ತಿಂದಿತು. ನಾನು ಹೊಟ್ಟೆ ಸರಿ ಇಲ್ಲ ಎಂದೆ. ಅದು ನಿಜವೂ ಆಗಿತ್ತು.

ಆಮೇಲೆ ಸರ್ಕಾರದ ಆದೇಶ ಬಂತು. ಕೈಬರಹದ ಖಾತೆ ಇನ್ನು ನಡೆಯದು, ಎಲ್ಲ ಮನೆಗಳಿಗೂ ಇ-ಖಾತೆ ಆಗಬೇಕು, ಅದಿಲ್ಲದೆ ಮನೆ ಮಾರಿದರೆ ನೋಂದಣಿಯಾಗದು. ಪ್ರತಿ ಮನೆಯ ಫೋಟೊ, ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ಚಕ್ಕುಬಂದಿ, ಮಾಲೀಕರ ಗುರುತು, ಎಲ್ಲವೂ ಕಂಪ್ಯೂಟರಿಗೆ ಏರಬೇಕು. ನಮ್ಮ ಕಚೇರಿಯಲ್ಲಿ ಲಾಗಿನ್ ಸಿಕ್ಕಿದ್ದು ನನ್ನೊಬ್ಬನಿಗೆ. ಎಸ್ತೇರಬಾಯಿ ಮೌಸು ಮುಟ್ಟಿದವರೇ ಅಲ್ಲ. ಸಾಹೇಬರು ನನ್ನನ್ನು ಕರೆದು, "ಇದನ್ನ ತಪ್ಪಿಲ್ಲದ ಮುಗಸ್ರಿ, ಖಾತೆ ವಿಭಾಗ ಪೂರ್ತಿ ನಿಮ್ದು" ಎಂದರು. ಅಂದರೆ ಆ ಟೇಬಲ್ಲು, ಆ ಪಾಳಿ, ಎಲ್ಲ ನನ್ನದು. ಅಂದು ಸಂಜೆ ಕೆಲಗೇರಿ ಕೆರೆಯ ದಂಡೆಯ ಮೇಲೆ ಎರಡು ಸುತ್ತು ಹೆಚ್ಚೇ ನಡೆದೆ.

ಮೊದಲಿಗೆ ಹಿಡಿದದ್ದು ಬಾವಿ ಓಣಿ. ಇಪ್ಪತ್ತೆರಡು ಹಳೆಯ ಮನೆಗಳು, ಎರಡು ಸಾಲು. ಬಾಗಿಲುಗಳ ಮೇಲಿನ ನಂಬರುಗಳೆಲ್ಲ ಎಂದೋ ಅಳಿಸಿಹೋಗಿದ್ದವು. ಒಂದು ಭಾನುವಾರ ನಾನೇ ಮೊಬೈಲು ಹಿಡಿದು ಹೋದೆ. ಹೊಸ ಬಡಾವಣೆಗಳಲ್ಲಿ ಇರುವಂತೆ ಎಡಕ್ಕೆ ಒಂದು, ಬಲಕ್ಕೆ ಎರಡು, ಎಡಕ್ಕೆ ಮೂರು, ಬಲಕ್ಕೆ ನಾಲ್ಕು ಎಂದು ಎಣಿಸುತ್ತ ಫೋಟೊ ತೆಗೆದೆ. ಎಸ್ತೇರಬಾಯಿಯನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಬಾರದು ಎಂದೇ ಭಾನುವಾರ ಹೋಗಿದ್ದೆ. ನಾಲ್ಕು ದಿನಗಳಲ್ಲಿ ಇಡೀ ಓಣಿಯ ಇ-ಖಾತೆ ಸಿದ್ಧವಾಯಿತು. ಸಾಹೇಬರು ಬೆನ್ನು ತಟ್ಟಿದರು.

ಎರಡು ವಾರದ ಮೇಲೆ ಹದಿನೇಳನೇ ನಂಬರಿನ ಗಂಗವ್ವ ಬಂದಳು. ಮನೆ ಮಾರಲು ಹೋದವಳನ್ನು ನೋಂದಣಿ ಕಚೇರಿಯವರು ವಾಪಸು ಕಳಿಸಿದ್ದರು. ಕಾಗದದಲ್ಲಿದ್ದ ಫೋಟೊ ಅವಳ ಮನೆಯದಲ್ಲ.

"ಮನ್ಯಾಗ ನಾ ಅದೇನಿ, ಫೋಟೋದಾಗ ದರ್ಜಿ ಮನಿ ಐತಿ! ನಲವತ್ತು ವರ್ಷ ಸಾರಿಸಿದ ಮನೀರಿ ಅದು. ಎಲ್ಲಿ ಒಯ್ದ್ರಿ?" ಎಂದು ಕಾಗದವನ್ನು ನನ್ನ ಟೇಬಲ್ಲಿನ ಮೇಲೆ ಬಡಿದಳು.

ನಾನು ಓಣಿಯ ಪಟ್ಟಿ ತೆಗೆದು ಮುಂದಿಟ್ಟೆ. ಎಸ್ತೇರಬಾಯಿ ಎದ್ದು ಬಂದು ಕಾಗದ ನೋಡಿದರು, ಆಮೇಲೆ ನನ್ನ ಪಟ್ಟಿ ನೋಡಿದರು. "ಸರ, ಎಡಕ್ಕೊಂದು ಬಲಕ್ಕೊಂದು ಎಣಿಸೀರೇನ್ರಿ?" ಎಂದು ಮೆತ್ತಗೆ ಕೇಳಿದರು. ಹೌದು ಎಂದೆ. "ಹಳೇ ಕಾಲದಾಗ ಮನೀಪಟ್ಟಿ ವಸೂಲಿ ಮಾಡಾವ್ರು ಬಾವಿ ಕಡಿಂದ ಒಂದು ಬಾಜೂ ಹಿಡದು ಹೋಗ್ತಿದ್ರು, ಇನ್ನೊಂದು ಬಾಜೂ ಹಿಡದು ತಿರುಗಿ ಬಾವಿಗೇ ಬರ್ತಿದ್ರು. ಅವ್ರು ನಡದಂಗ ನಂಬರ್ ಬಿದ್ದಾವ್ರಿ. ಒಂದರ ಎದುರಿಗೆ ಇಪ್ಪತ್ತೆರಡು ಐತಿ." ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇಪ್ಪತ್ತೆರಡರಲ್ಲಿ ಸರಿಯಾಗಿದ್ದದ್ದು ಬಾವಿಯ ಪಕ್ಕದ ಮೊದಲನೆಯ ಮನೆ ಒಂದೇ. ಮಿಕ್ಕವರೆಲ್ಲ ಕಾಗದದಲ್ಲಿ ಬೇರೆಯವರ ಮನೆಯಲ್ಲಿದ್ದರು.

ಸಾಹೇಬರ ಕಿವಿಗೆ ಬಿದ್ದರೆ ಲಾಗಿನ್ ಹೋಗುತ್ತಿತ್ತು, ನೋಟೀಸು ಬರುತ್ತಿತ್ತು, ವಿಭಾಗ ಮತ್ತೆ ಕನಸಾಗುತ್ತಿತ್ತು. ಸಾಹೇಬರ ಕೋಣೆ ಎಸ್ತೇರಬಾಯಿಯ ಕುರ್ಚಿಯಿಂದ ಹತ್ತು ಹೆಜ್ಜೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಹತ್ತು ಹೆಜ್ಜೆ ನಡೆಯುತ್ತಿದ್ದೆನೋ ಏನೋ, ಎದೆ ಮುಟ್ಟಿ ಹೇಳಲಾರೆ. ಅವರು ಛತ್ರಿ ತೆಗೆದುಕೊಂಡು, "ನಡೀರಿ ಸರ, ಲಗೂನ ಓಣಿಗೆ ಹೋಗಿ ಬರೂಣು. ಇನ್ನೂ ಬೆಳಕೈತಿ" ಎಂದರು.

ಓಣಿಯವರು ಆಗಲೇ ಗುಂಪುಗೂಡಿದ್ದರು. ನಾನು ಪ್ರತಿ ಬಾಗಿಲಲ್ಲೂ ಕೈ ಮುಗಿದು, "ತಪ್ಪು ನನ್ನದೇ, ಕ್ಷಮಿಸಬೇಕು" ಎಂದೆ. ಯಾರೂ ನನ್ನ ಮುಖ ನೋಡಲಿಲ್ಲ. ಎಸ್ತೇರಬಾಯಿ ನನ್ನ ಹಿಂದೆ ನಿಂತು ದರ್ಜಿಗೆ, "ಏ ಖೋಡಿ, ಕಟ್ಟಿ ಮ್ಯಾಲ ಇದೇನು ಸಂತಿ ಹಚ್ಚೀಯಲ್ಲಾ, ತಗಿ, ಫೋಟೋದಾಗ ಮನಿ ಕಾಣಬೇಕೋ ನಿನ್ನ ಹಾಸಗಿ ಕಾಣಬೇಕೋ?" ಎಂದು ಗದರಿದರು. ಓಣಿ ನಕ್ಕಿತು. ದರ್ಜಿ ಹಾಸಿಗೆ ಸುರುಳಿ ಸುತ್ತಿದ. ಯಾರೋ ಚಹಾ ತಂದರು. ಮೊದಲ ಕಪ್ಪು ಅವರಿಗೆ. ಗಂಗವ್ವನೂ ಸೆರಗಿನಿಂದ ಕಣ್ಣೊರಸಿಕೊಂಡು, "ಅಕ್ಕಾರ ಬಂದಾರಂದ್ರ ಸರಿ ಆಕ್ಕೈತಿ ಬಿಡ್ರಿ" ಎಂದಳು. ಕತ್ತಲಾಗುವ ಮುಂಚೆ ಇಪ್ಪತ್ತೊಂದು ಮನೆಗಳ ಫೋಟೊ ಹೊಸದಾಗಿ ತೆಗೆದು, ಎಲ್ಲರಿಂದ ತಿದ್ದುಪಡಿ ಅರ್ಜಿ ಬರೆಸಿಕೊಂಡೆವು. ನನ್ನ ಲಾಗಿನ್ ಉಳಿಯಿತು. ಆದರೆ ನನ್ನ ತಪ್ಪಿಗೆ ಸಿಕ್ಕ ಕ್ಷಮೆಯೂ ಅವರ ಹೆಸರಿನಲ್ಲೇ ಬಂದಿತ್ತು. ಕೃತಜ್ಞತೆ ಹುಟ್ಟಬೇಕಾಗಿದ್ದ ಜಾಗದಲ್ಲಿ ಮತ್ತದೇ ಕಿಚ್ಚು.

ಅಷ್ಟರಲ್ಲಿ, ಅಲ್ಲಿಯತನಕ ಹುಬ್ಬಳ್ಳಿಯ ಜೊತೆಗೇ ಇದ್ದ ಧಾರವಾಡಕ್ಕೆ ಬೇರೆ ಪಾಲಿಕೆ ಎಂಬ ಸುದ್ದಿ ಸರ್ಕಾರದಿಂದ ಬಂತು. ಊರೆಲ್ಲ ಬಹಳ ವರ್ಷದ ಬೇಡಿಕೆ ಕೈಗೂಡಿತೆಂದು ಹಿಗ್ಗಿದರೆ, ನಮ್ಮಲ್ಲಿ ಯಾರು ಹುಬ್ಬಳ್ಳಿಗೆ, ಯಾರು ಧಾರವಾಡಕ್ಕೆ ಎಂಬ ಗುಸುಗುಸು ಶುರುವಾಯಿತು. ಕೊನೆಗೆ ಇಚ್ಛೆ ಬರೆದುಕೊಡಿ ಎಂದು ಕಾಗದ ಹಂಚಿದರು. ನಮ್ಮ ವಿಭಾಗದಲ್ಲಿ ಉಳಿಯಬಹುದಾಗಿದ್ದವರು ಒಬ್ಬರೇ. ಸೇವಾ ಹಿರಿತನ ನೋಡಿದರೆ ಆ ಜಾಗ ಎಸ್ತೇರಬಾಯಿಯದೇ. ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ, ಮನೆಯೂ ಇಲ್ಲೇ. ಅವರು ಪೆನ್ನು ತೆಗೆದು 'ಹುಬ್ಬಳ್ಳಿ' ಎಂದು ಬರೆದರು.

"ಯಾಕ್ರಿ ಬಾಯಾರ? ದಿನಾ ಬಸ್ಸಿನ್ಯಾಗ ಹೋಗಿ ಬರೂದು ತ್ರಾಸ ಆಗೂದಿಲ್ಲೇನ್ರಿ?" ಎಂದೆ.

"ನಿಮಗ ಈ ಟೇಬಲ್ ಬೇಕಾಗೈತ್ರಿ ಸರ. ನನಗೇನು, ಎಲ್ಲಿ ಕುಂತ್ರೂ ಜನಾ ಬರ್ತಾರ" ಎಂದರು. ಚುಚ್ಚಿ ಹೇಳಿದ ಮಾತಲ್ಲ. ಚುಚ್ಚಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ.

ಟೇಬಲ್ಲು ನನ್ನದಾಯಿತು. ಪಾಳಿಯೂ ಬಂತು, ಏಕೆಂದರೆ ಇ-ಖಾತೆಗೆ ಬೇರೆ ದಾರಿ ಇಲ್ಲ. ಎಲ್ಲರನ್ನೂ "ಬರ್ರಿ, ಕೂಡ್ರಿ" ಎಂದೇ ಮಾತಾಡಿಸಿದೆ. ಜನ ಕೂತರು, ಬೆರಳೊತ್ತಿದರು, ಕಾಗದ ತೆಗೆದುಕೊಂಡರು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಅಕ್ಕಾರು ಹುಬ್ಬಳ್ಳ್ಯಾಗ ಯಾವ ಆಫೀಸಿನ್ಯಾಗ ಅದಾರ್ರಿ?" ಎಂದು ಕೇಳಿದರು. ವಿಳಾಸವನ್ನು ಎಷ್ಟು ಸಲ ಹೇಳಿದೆನೆಂದರೆ ನನಗೇ ಬಾಯಿಪಾಠವಾಯಿತು.

ಒಂದು ದಿನ ನಾನೇ ಆ ವಿಳಾಸಕ್ಕೆ ಹೋದೆ. ಹಳೆಯ ಪುಸ್ತಕದ ಒಂದು ಪುಟದ ಕೈಬರಹ ಓದಲಾಗುತ್ತಿಲ್ಲ ಎಂಬುದು ನೆಪ. ನಾನು ಅವರನ್ನು ಕಂಡದ್ದು ಅದೇ ಕೊನೆ. ನಿವೃತ್ತರಾದ ಮೇಲೆ ಗದಗಿನ ತಂಗಿಯ ಮನೆಗೆ ಹೋದರೆಂದು ಕೇಳಿದ್ದೇನೆ. ಅಂದು ನೋಡಿದರೆ, ಹುಬ್ಬಳ್ಳಿಗೆ ಬಂದು ಎರಡು ತಿಂಗಳಾಗಿರಲಿಲ್ಲ, ಅವರ ಮುಂದಿನ ಪಾಳಿ ಅಲ್ಲಿಯೂ ಮೆಟ್ಟಿಲಿಗೆ ಬಂದಿತ್ತು. ಒಳಗೆ ಹೋಗಿ ನಾನು ಇಲಾಖೆಯವನೇ ಎನ್ನಬಹುದಿತ್ತು. ಏನನ್ನಿಸಿತೋ, ಪಾಳಿಯ ಕೊನೆಯಲ್ಲಿ ನಿಂತೆ. ಮುಂದೆ ನಿಂತವರಿಗೆ ಒಬ್ಬೊಬ್ಬರಿಗೂ ಬೈಗುಳ ಸಲ್ಲುತ್ತಿತ್ತು, ಒಬ್ಬೊಬ್ಬರೂ ನಗುತ್ತ ಹೊರಗೆ ಬರುತ್ತಿದ್ದರು. ನನ್ನ ಸರದಿ ಹತ್ತಿರವಾದಂತೆ ಚೀಲದಿಂದ ಆ ಪುಟದ ಜೆರಾಕ್ಸ್ ಪ್ರತಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಇಷ್ಟು ವರ್ಷ ಪಕ್ಕದಲ್ಲಿದ್ದೂ, ಬಾವಿ ಓಣಿಯನ್ನೇ ತಲೆಕೆಳಗು ಮಾಡಿದಾಗಲೂ, ಈ ಹೆಂಗಸು ನನಗೆ ಒಂದೇ ಒಂದು ಬೈಗುಳ ಕೊಟ್ಟಿರಲಿಲ್ಲ. ಇವತ್ತಾದರೂ ಬೈದಾರು ಎಂದು ಪುಟ ಮುಂದಿಟ್ಟೆ.

ಎಸ್ತೇರಬಾಯಿ ತಲೆಯೆತ್ತಿ ನೋಡಿ ಗಡಬಡಿಸಿ ಎದ್ದರು. "ಅಯ್ಯ ಸರ, ನೀವ್ಯಾಕ ಪಾಳ್ಯಾಗ ನಿಂತೀರಿ? ಒಳಗ ಬರಬೇಕಿಲ್ಲೇನ್ರಿ? ಬರ್ರಿ, ಬರ್ರಿ, ಇಲ್ಲಿ ಕುಂದರ್ರಿ" ಎಂದು ಒಂದು ಕುರ್ಚಿ ಎಳೆದು, ಸೆರಗಿನಿಂದ ಧೂಳು ಒರೆಸಿ, ಚಹಾ ಹೇಳಿದರು.

ನಾನು ಆ ಕುರ್ಚಿಯ ಮೇಲೆ ಕೂತೆ. ನನ್ನ ಹಿಂದೆ ನಿಂತಿದ್ದವನು ಮುಂದೆ ಬಂದ. ಲವಂಗ ಆ ಕಡೆಯಿಂದ ಈ ಕಡೆಗೆ ಹೊರಳಿತು.