ಮಕ್ತುಮಬಿ ಕಲಿತ ಆಟ

ವಿಜಾಪುರದ ಜಲನಗರದಲ್ಲಿ ಹೊಸದಾಗಿ ಎದ್ದ ಮನೆಗಳ ಪೈಕಿ ಮಶಾಕಸಾಬ ನೆಲಕ್ಕೆ ಫರಶಿ ಕಲ್ಲು ಹಾಸಿದ ಮನೆ ಯಾವುದು ಎಂದು ಅವನ ಹೆಂಡತಿ ಮಕ್ತುಮಬಿ ಹೊಸ್ತಿಲಲ್ಲಿ ನಿಂತೇ ಹೇಳಿಬಿಡುತ್ತಿದ್ದಳು. ಒಂದು ಸಾಲಿನ ಸಂದಿಯ ಎದುರಿಗೆ ಇನ್ನೊಂದು ಸಾಲಿನ ಸಂದಿ ಬಂದಿರುತ್ತಿರಲಿಲ್ಲ. ಈ ಕಲ್ಲಿನ ನಟ್ಟನಡುವೆಯೇ ಮುಂದಿನ ಸಾಲಿನ ಸಂದಿ ಬೀಳಬೇಕು, ಅದು ಅವನ ಕಟ್ಟಪ್ಪಣೆ. ಹಾಸಿದ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ, ತಲೆ ಓರೆಮಾಡಿ ಕೇಳುತ್ತಿದ್ದ. ಪೊಳ್ಳು ಸದ್ದು ಬಂತೋ, ಮನೆಯವರು ಇರಲಿ ಬಿಡಪ್ಪಾ ಅಂದರೂ ಬಿಡದೆ ಕಲ್ಲು ಕಿತ್ತು ಮತ್ತೆ ಕೂರಿಸುತ್ತಿದ್ದ. ಸುಣ್ಣ ಸಿಮೆಂಟು ಕಲಸಿಕೊಡುವ ಅಂಬಾದಾಸ, "ನಿನ್ನ ಕೂಡ ದುಡದ ನನ್ನ ರಟ್ಟಿ ಬಿದ್ದು ಹೋದುವು ಮಶಾಕಣ್ಣಾ" ಎಂದು ಗೊಣಗುತ್ತಲೇ ಇನ್ನೊಂದು ಬುಟ್ಟಿ ಕಲಸುತ್ತಿದ್ದ. ಗೊಣಗುತ್ತಲೇ ಇಬ್ಬರದೂ ಅರ್ಧ ಆಯುಷ್ಯ ಕಳೆದಿತ್ತು.

ಮಕ್ತುಮಬಿ ಟಿಕೋಟಾದ ಪಿಂಜಾರರ ಮಗಳು. ಬಾಯಿ ಜೋರು, ಮನಸ್ಸು ಅದಕ್ಕಿಂತ ಜೋರು. ಸೊಲ್ಲಾಪುರ ರಸ್ತೆಯ ಹಿಂದಿನ ಗಲ್ಲಿಯಲ್ಲಿದ್ದ ತನ್ನ ಮನೆಗೆ ಮಾತ್ರ ಫರಶಿ ಇಲ್ಲವೆಂದು ಪ್ರತಿ ವರ್ಷ ಜಗಳ ತೆಗೆಯುತ್ತಿದ್ದಳು. "ಬರೂ ರಂಜಾನಕ್ಕ" ಎನ್ನುತ್ತಿದ್ದ ಗಂಡ. ರಂಜಾನ್‌ಗಳು ಬಂದುಹೋದವು, ಮಗಳು ಮದೀನಾಬಿ ಬೆಳೆದು ಮದುವೆಯಾಗಿ ಸಾರವಾಡಕ್ಕೆ ಹೋದಳು, ನೆಲ ಮಣ್ಣಿನದೇ ಉಳಿಯಿತು.

ಎಪ್ಪತ್ತಾರರ ಬೇಸಿಗೆಯಲ್ಲಿ ಒಂದು ದಿನ ಸುಣ್ಣದ ಗುಂಡಿಗೆ ನೀರು ಬಿಟ್ಟಿದ್ದರು. ಹರಳು ಕೊತಕೊತ ಕುದಿಯುತ್ತಿತ್ತು. ಸುಣ್ಣ ಅರಳಿತೋ ಇಲ್ಲವೋ ಎಂದು ಮಶಾಕಸಾಬ ಬಗ್ಗಿ ನೋಡಿದ. ಅಷ್ಟರಲ್ಲಿ ಅದು ಸಿಡಿಯಿತು. ಎರಡೂ ಕಣ್ಣಿಗೇ ಬಿತ್ತು. ಒಂದಾದರೂ ಉಳಿಯಬಾರದಿತ್ತೇ! ಮಿರಜಿಗೆ ಒಯ್ದರು. ಅಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ, ಇನ್ನು ಆಗುವುದಿಲ್ಲ ಎಂಬುದನ್ನು ಆದಷ್ಟು ಮೆತ್ತಗೆ ಹೇಳಿದ. ಮೆತ್ತಗೆ ಹೇಳಿದರೇನು, ಜೋರಾಗಿ ಹೇಳಿದರೇನು.

ಊರಿಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಂಬಾದಾಸ ದಿನಾ ಸಂಜೆ ಬಂದು, "ಗ್ಯಾರೇಜಿನ ಮುಂದಿನ ಕಟ್ಟಿಮ್ಯಾಗ ಕೂಡೂನು ನಡಿ, ಮಂದಿ ನಿನ್ನ ಕೇಳಾಕತ್ತಾರ" ಎಂದು ಕರೆಯುತ್ತಿದ್ದ. ಅವನು ಹೊರಳುತ್ತಲೂ ಇರಲಿಲ್ಲ. ಕುಡಿಯುವ ನೀರು ಬೇಕಾದರೂ ಕೇಳದೆ ಬಾಯಾರಿಕೊಂಡು ಇರುತ್ತಿದ್ದ. ಕೇಳುವುದೇ ಅವನಿಗೆ ಸಾವು. ಮಕ್ತುಮಬಿ ಕಣ್ಣಿನ ಆಸೆಯನ್ನು ಮಿರಜಿನಲ್ಲೇ ಬಿಟ್ಟು ಬಂದಿದ್ದಳು. ಅವಳಿಗೆ ಬೇಕಾಗಿದ್ದು ಇಷ್ಟೇ. ಈ ಮನುಷ್ಯ ಗೋಡೆಯಿಂದ ಈ ಕಡೆ ಹೊರಳಬೇಕು, ಯಾರ ಹಂಗೂ ಇಲ್ಲದೆ ಒಂದೇ ಒಂದು ಕೆಲಸ ತಾನಾಗಿ ಮಾಡಬೇಕು. ಇಲ್ಲವಾದರೆ ಇವನು ಮಳೆಗಾಲ ದಾಟುವುದಿಲ್ಲ ಎಂದು ಅವಳ ಕರುಳು ಹೇಳುತ್ತಿತ್ತು.

ಹಾಗಿರುವಾಗ ಜಲನಗರದ ಶಿವಶರಣಪ್ಪ ಮಾಸ್ತರರು ನೋಡಲು ಬಂದರು. ಅವರ ಮನೆಗೂ ಇವನೇ ಫರಶಿ ಹಾಸಿದವನು. ಕೈಯಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ. ಮುಂಬಯಿಯಲ್ಲಿರುವ ತಮ್ಮ ತಂದುಕೊಟ್ಟದ್ದಂತೆ, ಡಾಮಿನೋ ಅಂತ ಹೆಸರು. ಒಳಗೆ ಬೆರಳುದ್ದದ ಕರಿಯ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಎರಡು ಪಾಲು, ಪಾಲಿಗೊಂದಿಷ್ಟು ಕುಳಿ. ಆರು ಕುಳಿಯತನಕ ಇರುತ್ತವೆ, ಕೆಲವು ಪಾಲು ಖಾಲಿ. ಆರರ ಮಗ್ಗುಲಿಗೆ ಆರು, ಮೂರರ ಮಗ್ಗುಲಿಗೆ ಮೂರು ಬರುವಂತೆ ಹಚ್ಚುತ್ತ ಹೋಗಬೇಕು. ಕೈಯಲ್ಲಿದ್ದ ಬಿಲ್ಲೆ ಮೊದಲು ಮುಗಿದವನು ಗೆದ್ದ.

"ಕುಳಿ ಕೊರದ ಮಾಡ್ಯಾರ ನೋಡ್ರಿ" ಎಂದರು ಮಾಸ್ತರರು. "ಬೆರಳಿಗೆ ತಿಳೀತದ. ಕಣ್ಣ ಬೇಕಾಗೂದಿಲ್ಲ."

ಆ ಮಾತು ಮಕ್ತುಮಬಿಯ ಎದೆಗೆ ನಾಟಿತು. ಮರುದಿನವೇ ಸೆರಗು ಬಿಗಿದು, ಅವರು ಬಿಟ್ಟುಹೋದ ಪೆಟ್ಟಿಗೆ ಹಿಡಿದು, ಮೊದಲು ತಾನು ಕಲಿಯಲೆಂದು ಜಲನಗರಕ್ಕೆ ನಡೆದಳು. ಮಾಸ್ತರರ ಹೆಂಡತಿ ಗುರುಬಸವ್ವ ಜೋಳ ಹಸನು ಮಾಡುತ್ತಲೇ ಕಲಿಸಲು ಕೂತಳು. ಕಲಿಯುವವಳು ಒಂದು ಹಟ ಹಿಡಿದಿದ್ದಳು. ಎರಡೂ ಕಡೆ ಆರಾರು ಕುಳಿಯಿದ್ದ ಬಿಲ್ಲೆ ಎಲ್ಲಕ್ಕಿಂತ ದೊಡ್ಡದಲ್ಲವೇ, ಅದನ್ನು ಬಂಗಾರದ ಹಾಗೆ ಕಾದಿಟ್ಟುಕೊಂಡು ಪ್ರತಿ ಆಟವನ್ನೂ ಸೋಲುತ್ತಿದ್ದಳು. "ಏ ಯವ್ವಾ, ಅದನ್ನ ಮೊದಲ ಒಗೀಬೇಕು. ಅದೇನ ನಿನ್ನ ಮೊಮ್ಮಕ್ಕಳ ಮದವಿಗೆ ಬರೂದಿಲ್ಲ" ಎಂದು ಗುರುಬಸವ್ವ ಬಿದ್ದುಬಿದ್ದು ನಕ್ಕಳು. ಶಾಲೆಯ ಮುಖ ಕಾಣದ ಹೆಂಗಸು ಪಟ್ಟುಬಿಡದೆ ದಿನಾ ಹೋಗಿ ಹೋಗಿ ಕೊನೆಗೊಮ್ಮೆ ಗುರುಬಸವ್ವನನ್ನೇ ಸೋಲಿಸಿದಳು. ಅವತ್ತು ಮನೆಗೆ ಬಂದ ಅವಳ ನಡಿಗೆ ನೋಡಬೇಕಿತ್ತು.

ಗಂಡನನ್ನು ಹೊರಳಿಸಲು ಅರ್ಧ ತಾಸು ಕಾಡಿದಳು, ಬೈದಳು, ಅತ್ತಳು. "ನಿನ್ನ ಪೀಡಾ ತಪ್ಪಲಿ" ಎಂದು ಎದ್ದು ಕೂತ. ಅವನ ಮುಂದೆ ಕಟ್ಟಿಗೆಯ ಮಣೆ ಇಟ್ಟು, ಮೊದಲ ಬಿಲ್ಲೆ ಹಾಸಿ, ಎರಡನೆಯದನ್ನು ಅವನ ಕೈಗೆ ಕೊಟ್ಟು, ಇದನ್ನು ಅದರ ತುದಿಗೆ ಹಚ್ಚಿರಿ ಅಂದಳು. ಅವನು ಮೊದಲನೆಯದನ್ನು ಸವರಿ, ಅದರ ಬದಿಯಲ್ಲಿ ಸರಿಯಾಗಿ ಅರ್ಧಕ್ಕೆ ಸರಿಸಿ ಕೂರಿಸಿದ.

"ಹಂಗಲ್ರಿ, ತುದಿಗೆ ತುದಿ."

"ಸಂದಿಗೆ ಸಂದಿ ಕೂಡಸಂತಿ? ಯಾವ ಬೇಕೂಫ ಕಲಿಸ್ಯಾನ ನಿನಗ?"

ಮೂರನೆಯದನ್ನೂ ಹಾಗೆಯೇ ಕೂರಿಸಿದ. ಗೆಣ್ಣಿನಿಂದ ಕುಟ್ಟಿ, ತಲೆ ಓರೆಮಾಡಿ ಕೇಳಿದ. ಮಕ್ತುಮಬಿಗೆ ನಗು ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಂಬಾದಾಸನೂ ನಕ್ಕ. ಆಮೇಲೆ ಮಶಾಕಸಾಬನ ತುಟಿಯೂ ಅಲುಗಿತು. ಮಿರಜಿನಿಂದ ಬಂದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ಇನ್ನು ದಾರಿ ಸಿಕ್ಕಿತು ಎಂದುಕೊಂಡಳು ಬಡಪಾಯಿ.

ತುದಿಗೆ ತುದಿ ಹಚ್ಚುವುದನ್ನು ಅವನು ಬೇಗ ಕಲಿತ. ಆಟದ ಲೆಕ್ಕವೂ ತಲೆಗೆ ಹತ್ತಿತು. ಹತ್ತದೆ ಇದ್ದದ್ದು ಕುಳಿ.

"ಎಷ್ಟ ಅದಾವ ಹೇಳ್ರಿ?"

ಸವರಿದ. ಮತ್ತೆ ಸವರಿದ. "ನಾಲ್ಕು."

ಎರಡಿದ್ದವು. ಮುಂದಿನದಕ್ಕೆ ಐದು ಅಂದ, ಅದು ಖಾಲಿ. ಅವಳು ಅವನ ಕೈ ಹಿಡಿದು ಬೆಳಕಿಗೆ ತಂದು ನೋಡಿದಳು. ಇಷ್ಟು ವರ್ಷ ಸುಣ್ಣ ಸಿಮೆಂಟು ತಿಂದು ತಿಂದು ಬೆರಳ ತುದಿಗಳು ದನದ ಗೊರಸಿನ ಹಾಗೆ ಗಡುಸಾಗಿದ್ದವು. ಇದೇ ಬೆರಳುಗಳಿಂದ ಅವನು ಬೀಡಿ ಹಚ್ಚಲು ಒಲೆಯ ಕೆಂಡ ಎತ್ತುತ್ತಿದ್ದ, ಹಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದ. ಟಿಕೋಟಾದ ತವರಿಗೆ ಹೋದಾಗ ಅವಳು ಅದನ್ನು ಹೆಮ್ಮೆಯಿಂದ ಹೇಳಿಕೊಂಡವಳು. ಅದರ ಅರ್ಥ ಏನೆಂದು ಈಗ ತಿಳಿಯಿತು.

ಸುಮ್ಮನೆ ಕೂರುವ ಜಾತಿಯಲ್ಲ ಅವಳದು. ಬಿಸಿನೀರಿನಲ್ಲಿ ಬೆರಳು ನೆನೆಸಿದಳು. ತುಪ್ಪ ತಿಕ್ಕಿದಳು, ಎಳ್ಳೆಣ್ಣೆ ತಿಕ್ಕಿದಳು, ಹೆಂಚಿನ ಚೂರಿನಿಂದ ಮೆಲ್ಲಗೆ ಉಜ್ಜಿದಳು. ಗಡುಸು ಚರ್ಮ ಒಂದಿಷ್ಟು ಎದ್ದುಬಂದರೆ ಒಳಗೆ ಮತ್ತದೇ ಗಡುಸು. ಕುಳಿಯ ಎಣಿಕೆ ತಾನು ಕಿವಿಯಲ್ಲಿ ಹೇಳುತ್ತೇನೆ, ನೀವು ಆಡಿರಿ ಅಂದಳು. ಅವನಿಗೆ ಸಿಟ್ಟು ನೆತ್ತಿಗೇರಿತು.

"ನೀ ಹೇಳಿದರ ನೀನ ಆಡಿದಂಗ. ನಾ ಯಾಕ ಬೇಕ ಇಲ್ಲಿ, ಮಣೆ ಹಿಡಕೊಂಡ ಕೂಡಾಕ?"

ತಪ್ಪು ಹೇಳಿದಾಗೆಲ್ಲ ಅವಳು ತಪ್ಪು ಎನ್ನುತ್ತಿದ್ದಳು. ಪ್ರತಿ ತಪ್ಪಿಗೂ ಅವನು ಒಂದಿಷ್ಟು ಕುಗ್ಗುತ್ತಿದ್ದ. ಒಂದು ದಿನ ಕೈಯಲ್ಲಿದ್ದುದನ್ನೆಲ್ಲ ಮಣೆಯ ಮೇಲೆ ಮೆತ್ತಗೆ ಇಟ್ಟು, ಗೋಡೆಯ ಕಡೆ ಹೊರಳಿದ. ಅವತ್ತು ಉಣ್ಣಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಸುಖವಿತ್ತು.

ಅಷ್ಟರಲ್ಲಿ ಮದೀನಾಬಿಗೆ ಹೆರಿಗೆಯ ಹೊತ್ತು ಬಂತು. ತವರಿಗೆ ಕರೆತರುವ ಸ್ಥಿತಿ ಈ ಮನೆಯದಲ್ಲ, ತಾಯಿಯೇ ಸಾರವಾಡಕ್ಕೆ ಹೋಗಬೇಕಾಯಿತು. ಅಂಬಾದಾಸ, "ಹೋಗ್ರಿ ವೈನಿ, ನಾ ಇಲ್ಲೇ ಅದೀನಲ್ಲ. ನನ್ನ ಹೆಂಡ್ತಿ ಸೋನಾಬಾಯಿ ರೊಟ್ಟಿ ಬಡದ ಕಳಸ್ತಾಳ" ಎಂದ. ಬಸ್ಸಿನಲ್ಲಿ ಕೂತರೂ ಅವಳ ಜೀವವೆಲ್ಲ ಆ ಗೋಡೆಯ ಹತ್ತಿರವೇ ಇತ್ತು.

ಮೊಮ್ಮಗಳು ಹುಟ್ಟಿದಳು. ಬಾಣಂತಿ ಎದ್ದು ಓಡಾಡುವಂತಾದ ಮೇಲೆ ಮಕ್ತುಮಬಿ ವಿಜಾಪುರಕ್ಕೆ ಮರಳಿದಳು. ಗಲ್ಲಿಯಲ್ಲಿ ಬರುತ್ತಿರುವಾಗಲೇ ಗಂಡನ ದನಿ ಕೇಳಿತು. ಮೊದಲಿನ ದನಿ, ಕಲ್ಲು ಕೂರಿಸುವಾಗಿನ ದನಿ.

"ಮೂರಕ್ಕ ಮೂರು! ಈಗೇನ ಮಾಡ್ತಿ ಮಗನ?"

"ಕಟ್ಟಿ ಹಾಕಿದೆಲ್ಲೋ ಮಶಾಕಣ್ಣಾ" ಎಂದ ಅಂಬಾದಾಸ.

ಅವಳು ಬಾಗಿಲಿಗೆ ಓಡಿಬಂದಳು. ಮಶಾಕಸಾಬ ಅಂಗಿ ತೊಟ್ಟು, ಗಡ್ಡ ತೀಡಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಬೆನ್ನು! ಅವಳಿಗೆ ಅಳು ಉಕ್ಕಿತು. ಆಮೇಲೆ ಮಣೆ ಕಂಡಿತು. ಆರರ ಮಗ್ಗುಲಿಗೆ ಎರಡು, ಎರಡರ ಮಗ್ಗುಲಿಗೆ ಖಾಲಿ, ಐದಕ್ಕೆ ಒಂದು. ಬಿಲ್ಲೆಯ ಸಾಲು ನೆಟ್ಟಗೆ, ತುದಿಗೆ ತುದಿ, ದಾರ ಹಿಡಿದಂತೆ ಇತ್ತು. ಆದರೆ ಕುಳಿಗೆ ಕುಳಿ ಒಂದೂ ಸರಿಯಾಗಿ ಕೂಡಿರಲಿಲ್ಲ.

ಅಂಬಾದಾಸ ಅವಳ ಮುಖ ನೋಡಿದ. ಎರಡೂ ಕೈ ಜೋಡಿಸಿ, ಸದ್ದಿಲ್ಲದೆ, ಬೇಡ ಎಂದು ತಲೆಯಾಡಿಸಿದ.

"ಮಕ್ತುಮಾ ಬಂದಿ? ಕೂಸು ಹೆಂಗದ? ಬಾ, ಕೂಡು. ನನ್ನ ಬೆರಳಿಗೆ ತಿಳಿಯಾಕತ್ತದ. ಅಂಬಾದಾಸನ್ನ ಕೇಳು, ದಿನಾ ಸೋಲಾಕತ್ತಾನ. ನಾಳಿ ಗ್ಯಾರೇಜಿನ ಕಟ್ಟಿಗೆ ಹೋಗಿ ಅಲ್ಲಿ ಮಂದೀನೂ ಸೋಲಸ್ತೇನಿ."

ಅಂಬಾದಾಸ ಮಣೆಯನ್ನು ನೋಡುತ್ತ ಕೂತ. ನಾಳೆ ಕಟ್ಟೆಯ ಮೇಲೆ ಹೀಗೆ ಎಷ್ಟು ಮಂದಿಗೆ ಕೈ ಜೋಡಿಸುತ್ತಾನೆ ಇವನು, ಎಂದುಕೊಂಡಳು ಮಕ್ತುಮಬಿ.

"ಯಾಕ ಸುಮ್ಮನಾದಿ?" ಮಶಾಕಸಾಬನ ದನಿ ಒಂದಿಷ್ಟು ಇಳಿಯಿತು. "ಹಚ್ಚಿದ್ದು ಬರೋಬ್ಬರಿ ಐತಿಲ್ಲೋ?"

ಅವಳು ಅವನೆದುರಿಗೆ ಕೂತಳು. ಸುಳ್ಳಾಡಿ ಗೊತ್ತಿಲ್ಲದ ಬಾಯಿ ಅವಳದು. ಅವಳು ಏನಾದರೂ ಹೇಳುವ ಮೊದಲೇ ಅವನು ಒಂದು ಬಿಲ್ಲೆ ಎತ್ತಿ, ಹೆಬ್ಬೆರಳಿನಿಂದ ಅದರ ಒಂದು ಪಾಲು ಸವರಿ, "ಇದು ಖಾಲಿ" ಎಂದು ಅವಳ ಅಂಗೈಗೆ ಇಟ್ಟ. "ಕಣ್ಣ ಮುಚ್ಚಿ ನೀನೂ ಮುಟ್ಟಿ ನೋಡು. ಹೌದಿಲ್ಲೋ?"

ಅವಳು ಕಣ್ಣು ಮುಚ್ಚಿದಳು. ಬೆರಳಿಟ್ಟ ಕೂಡಲೇ ತಿಳಿಯಿತು. ಮೂಲೆಗೊಂದು, ನಡುವೆ ಒಂದು, ಐದು ಕುಳಿ. ಇಷ್ಟು ಸಲೀಸೇ ಇದು? ಇಷ್ಟೂ ಅವನಿಗೆ ತಿಳಿಯದೇ ದೇವರೇ? ಅವನ ಉಸಿರು ನಿಂತದ್ದು ಅವಳಿಗೆ ಕೇಳಿಸಿತು.

"ಹೌದ್ರಿ" ಎಂದಳು. "ಖಾಲಿ ಐತಿ."

ಅವನು ಉಸಿರು ಬಿಟ್ಟ. ಬಿಲ್ಲೆಯನ್ನು ಅವಳ ಕೈಯಿಂದ ತೆಗೆದುಕೊಂಡು ಸಾಲಿನ ತುದಿಗೆ ಅಂಚಿಗೆ ಅಂಚು ಕೂಡಿಸಿ ಇಟ್ಟ. ಅಂಬಾದಾಸ ತನ್ನ ಪಾಲಿನ ಬಿಲ್ಲೆಗಳನ್ನು ಅವಳ ಮುಂದೆ ಸರಿಸಿ, ಮುಖ ಹೊರಗೆ ತಿರುಗಿಸಿದ.

"ಇನ್ನ ನಿನ್ನ ಪಾಳಿ, ಹಾಕು" ಎಂದ ಮಶಾಕಸಾಬ.

ಅಷ್ಟು ಹಟಮಾಡಿ ಕಲಿತ ಆಟದ ಒಂದು ನಿಯಮವೂ ಅವಳಿಗೆ ಬೇಕಾಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ ಸಾಲಿಗೆ ಹಚ್ಚಿದಳು.